ಸ್ಟಾರ್ಟರಿನ ಹಿಡಿಕೆ ಯಾರ ಕೈಯಲ್ಲಿದೆ?

ದಾವಣಗೆರೆ

ಚಿ. ಪುಟ್ಟಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ನಿನ್ನ ಪತ್ರ ಸೋಮವಾರ ಕೈಸೇರಿತು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಕೆಲಸಕ್ಕೆ ಸೇರಿ ಆರು ತಿಂಗಳಾಗುವಷ್ಟರಲ್ಲಿ ನಿಮ್ಮ ಪ್ರಿನ್ಸಿಪಾಲರು, ಕಾಲೇಜುಗಳ ಗುಣಮಟ್ಟವನ್ನು ಅಳೆಯುವ ನ್ಯಾಕ್ ತಂಡದ ಭೇಟಿಗಾಗಿ ಏಳನೆಯ ಮಾನದಂಡದ ಕಡತವನ್ನು ನಿನ್ನ ಮೇಜಿನ ಮೇಲಿಟ್ಟಿದ್ದಾರೆಂದೂ, ಅದರಲ್ಲಿ ಲಿಂಗ ಸಮಾನತೆ, ವಿಕಲಚೇತನರಿಗೆ ಸೌಲಭ್ಯ, ಎಲ್ಲರನ್ನೂ ಒಳಗೊಳ್ಳುವ ವಾತಾವರಣ ಎಂಬ ತಲೆಬರಹಗಳ ಕೆಳಗೆ ಏನು ಬರೆಯಬೇಕೆಂದು ತೋಚದೆ ನನ್ನನ್ನು ‘ನಾಲ್ಕು ಒಳ್ಳೆಯ ಪಾಯಿಂಟ್’ ಕೇಳುತ್ತಿರುವುದಾಗಿಯೂ ಬರೆದಿದ್ದೀಯ. ಆ ಕಡತದ ಚಿಂತೆ ನಿನಗೆ ಬೇಡ. ಮಹಿಳಾ ದಿನಾಚರಣೆಯ ಫೋಟೊ, ಸಮಿತಿಯ ಸದಸ್ಯರ ಪಟ್ಟಿ, ಮುಖ್ಯದ್ವಾರದ ರ‍್ಯಾಂಪಿನ ಚಿತ್ರ ಇಷ್ಟನ್ನು ಸೇರಿಸಿದರೆ ಅದು ತಾನಾಗಿಯೇ ತುಂಬುತ್ತದೆ. ನಾನು ಕಂಡ ಒಂದು ರ‍್ಯಾಂಪ್, ತಂಡ ಬರುವುದಕ್ಕೆ ಎಂಟು ದಿನ ಮೊದಲು ಸಿಮೆಂಟ್ ಹಾಕಿಸಿಕೊಂಡಿದ್ದು, ನೇರವಾಗಿ ಹೋಗಿ ಬೀಗ ಹಾಕಿದ ಬಾಗಿಲಿಗೆ ಮುಟ್ಟುತ್ತಿತ್ತು. ನಾನು ಬರೆಯಬೇಕೆಂದಿರುವುದು ಕಡತಕ್ಕೆ ಹೋಗುವ ಸಂಗತಿಯಲ್ಲ. ಮೂವತ್ತನಾಲ್ಕು ವರ್ಷ ಪಾಠ ಹೇಳಿದ ಮೇಲೆ ನನ್ನ ಕಣ್ಣಿಗೆ ತಡವಾಗಿ ಬಿದ್ದದ್ದನ್ನು ನಿನಗೆ ಮೊದಲೇ ತೋರಿಸಬೇಕೆಂಬುದಷ್ಟೇ ನನ್ನ ಆಸೆ.

ನಮ್ಮ ಎಲೆಕ್ಟ್ರಿಕಲ್ ವಿಭಾಗದ ಮೆಷಿನ್ಸ್ ಲ್ಯಾಬಿನಲ್ಲಿ ಒಂದು ಬ್ಯಾಚಿಗೆ ಐದು ಜನ. ಡಿ.ಸಿ. ಷಂಟ್ ಮೋಟರಿನ ಮೇಲೆ ಹೊರೆ ಹೇರಿ ನೋಡುವ ಲೋಡ್ ಟೆಸ್ಟ್ ಹೇಗೆ ನಡೆಯುತ್ತದೆಂದು ನಿನಗೆ ಹೇಳಬೇಕಾಗಿಲ್ಲ. ಒಬ್ಬ ಕನೆಕ್ಷನ್ ಕೊಡುತ್ತಾನೆ, ಒಬ್ಬ ಮೋಟರನ್ನು ಹಂತಹಂತವಾಗಿ ಹೊರಡಿಸುವ ಸ್ಟಾರ್ಟರಿನ ಹಿಡಿಕೆಯನ್ನು ಮೆಲ್ಲಗೆ ಸರಿಸುತ್ತಾನೆ, ಒಬ್ಬ ಬೆಲ್ಟ್ ಬಿಗಿ ಮಾಡುತ್ತಾನೆ, ಇನ್ನೊಬ್ಬ ಬ್ರೇಕ್ ಡ್ರಮ್ಮಿಗೆ ನೀರು ಹೊಯ್ಯುತ್ತಾನೆ. ಬ್ಯಾಚಿನಲ್ಲಿರುವ ಒಬ್ಬಳೇ ಹುಡುಗಿ ಅಬ್ಸರ್ವೇಷನ್ ಬುಕ್ ಹಿಡಿದು ರೀಡಿಂಗ್ ಬರೆದುಕೊಳ್ಳುತ್ತಾಳೆ. ಹೀಗೆ ಹಂಚಿಕೊಳ್ಳಿ ಎಂದು ನಾನು ಹೇಳಿರಲಿಲ್ಲ. ‘ಅವಳ ಅಕ್ಷರ ಚೆನ್ನಾಗಿದೆ ಸಾರ್’ ಎಂಬ ಒಂದೇ ಮಾತಿನಲ್ಲಿ ಹಂಚಿಕೆ ಮುಗಿದುಹೋಗಿತ್ತು, ಮತ್ತು ಹದಿಮೂರು ವರ್ಷ ಅದು ನನ್ನ ಎದುರಿಗೇ ನಡೆದರೂ ಅದರಲ್ಲಿ ತಪ್ಪೇನೂ ನನಗೆ ಕಂಡಿರಲಿಲ್ಲ.

ಒಂದು ವರ್ಷದ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಅಂಥ ಒಬ್ಬ ಹುಡುಗಿಗೆ ಇದೇ ಪ್ರಯೋಗ ಬಂದಿತು. ಸರ್ಕ್ಯೂಟ್ ಚಿತ್ರ ತಪ್ಪಿಲ್ಲದೆ ಬರೆದಳು. ಮೋಟರ್ ಹೊರಡುವಾಗ ಫೀಲ್ಡ್ ರಿಯೋಸ್ಟಾಟ್ ಎಂಬ ಹೊಂದಿಸಬಲ್ಲ ರೋಧ ಕನಿಷ್ಠದಲ್ಲಿರಬೇಕೆಂಬುದನ್ನೂ ಅದಕ್ಕೆ ಕಾರಣವನ್ನೂ ಕೇಳುವ ಮೊದಲೇ ಹೇಳಿದಳು. ಆಮೇಲೆ ಸ್ಟಾರ್ಟರಿಗೆ ಕೈಹಾಕಿದಳು. ಹಿಡಿಕೆ ಮೊದಲನೆಯ ಸ್ಟಡ್ಡಿಗೆ ತಾಗಿ ಸಣ್ಣ ಕಿಡಿ ಹಾರಿದ ಕೂಡಲೇ ಬೆಚ್ಚಿ ಕೈಬಿಟ್ಟಳು. ಸ್ಪ್ರಿಂಗಿನ ಎಳೆತಕ್ಕೆ ಅದು ಟಪ್ಪೆಂದು ಆಫ್‌ಗೆ ಮರಳಿತು. ಎರಡನೆಯ ಸಲವೂ ಹಾಗೆಯೇ ಆಯಿತು. ಬೇರೆ ಕಾಲೇಜಿನಿಂದ ಬಂದಿದ್ದ ಪರೀಕ್ಷಕರು ನಗುತ್ತಾ, ‘ಹೆಣ್ಣುಮಕ್ಕಳಿಗೆ ಮೆಷಿನ್ಸ್ ಒಗ್ಗುವುದಿಲ್ಲ ಬಿಡಿ’ ಎಂದರು. ಅವಳು ನನ್ನ ಕಡೆ ತಿರುಗಿ, ‘ಸಾರ್, ಇದನ್ನು ನಾನು ಇವತ್ತೇ ಮೊದಲ ಸಲ ಮುಟ್ಟುತ್ತಿರುವುದು’ ಎಂದಳು. ಇಡೀ ಸೆಮಿಸ್ಟರ್ ಅವಳು ಒಂದು ವಾರವೂ ಗೈರುಹಾಜರಾಗಿರಲಿಲ್ಲ. ಅವಳ ರೆಕಾರ್ಡಿನ ಪ್ರತಿಯೊಂದು ಹಾಳೆಗೂ ನಾನೇ ಸಹಿ ಹಾಕಿದ್ದೆ. ಆ ದಿನ ಪರೀಕ್ಷಕರ ಮಾತಿಗೆ ಎದುರಾಡದೆ, ಅವರು ಕೊಟ್ಟ ಅಂಕಕ್ಕೂ ನಾನೇ ಸಹಿ ಹಾಕಿದೆ. ನಾನು ಮಾಡಿದ ತಪ್ಪುಗಳಲ್ಲಿ ಇಂದಿಗೂ ನನ್ನನ್ನು ಕುಟುಕುವುದು ಇದೊಂದು.

ಮರುವರ್ಷದಿಂದ ಲ್ಯಾಬಿನ ಗೋಡೆಗೆ ಒಂದು ಚಾರ್ಟ್ ಅಂಟಿಸಿದೆ. ಈ ವಾರ ಕನೆಕ್ಷನ್ ಕೊಟ್ಟವರು ಮುಂದಿನ ವಾರ ರೀಡಿಂಗ್ ಬರೆಯಬೇಕು, ಅದರ ಮುಂದಿನ ವಾರ ಸ್ಟಾರ್ಟರ್ ಹಿಡಿಯಬೇಕು. ಹುಡುಗರ ಗೊಣಗಾಟ ಒಂದು ತಿಂಗಳು ನಡೆಯಿತು. ರೀಡಿಂಗ್ ಬರೆಯುವುದೂ ಒಂದು ವಿದ್ಯೆ, ಅದು ತಮಗೆ ಬಂದಿಲ್ಲ ಎಂದು ಅವರಿಗೂ ಆಗಲೇ ತಿಳಿದದ್ದು. ಒಂದು ಬ್ಯಾಚಿಗೆ ಒಬ್ಬಳನ್ನೇ ಹಾಕುವುದನ್ನೂ ಬಿಟ್ಟೆ. ನಾಲ್ಕು ಬ್ಯಾಚಿಗೆ ನಾಲ್ವರು ಹುಡುಗಿಯರನ್ನು ಹಂಚಿದರೆ ಪಟ್ಟಿ ನೋಡಲು ಚೆಂದ, ಆದರೆ ಒಂಟಿಯಾದವಳು ಮೂಲೆಗೆ ಸರಿಯುತ್ತಾಳೆ. ಇಬ್ಬಿಬ್ಬರನ್ನು ಜೊತೆಗೆ ಹಾಕಿ ನೋಡು, ಮಾತಾಡತೊಡಗುತ್ತಾರೆ. ಕಂಪ್ಯೂಟರ್ ಸೈನ್ಸ್‌ನವರಿಗೆ ಈ ಪ್ರಶ್ನೆ ಅಷ್ಟಾಗಿ ಬರುವುದಿಲ್ಲ, ಅಲ್ಲಿ ಹೆಣ್ಣುಮಕ್ಕಳು ಬೇಕಾದಷ್ಟಿದ್ದಾರೆ. ಮೆಕ್ಯಾನಿಕಲ್‌ನ ವರ್ಕ್‌ಶಾಪಿನಲ್ಲಿ, ಸಿವಿಲ್‌ನ ಸರ್ವೆ ಕ್ಯಾಂಪಿನಲ್ಲಿ ನೋಡಬೇಕು.

ಸ್ಟಾಫ್ ರೂಮಿನಲ್ಲಿ ‘ಕೋಟಾದಲ್ಲಿ ಬಂದವರು’ ಎಂಬ ಮಾತು ದಿನಕ್ಕೊಮ್ಮೆಯಾದರೂ ಬರುತ್ತದೆ, ಕೇಳಿ ಬೇಸರವಾಗುತ್ತದೆ ಎಂದಿದ್ದೀಯ. ಜಗಳಕ್ಕೆ ಹೋಗಬೇಡ, ಆದರೆ ವಿಷಯ ನಿನಗೆ ಸ್ಪಷ್ಟವಾಗಿರಲಿ. ನಮ್ಮ ಸಿಇಟಿಯಲ್ಲಿ ಹಳ್ಳಿಯ ಶಾಲೆಗಳಲ್ಲಿ ಒಂದರಿಂದ ಹತ್ತನೆಯವರೆಗೆ ಓದಿದವರಿಗೆ 15%, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ 5% ಸೀಟುಗಳಿವೆ. ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಸಂವಿಧಾನದ 371ಜೆ ವಿಧಿಯ ಮೀಸಲಾತಿ ಇದೆ. 2016ರ ಕಾಯ್ದೆಯಂತೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ವಿಕಲಚೇತನರಿಗೆ ಕನಿಷ್ಠ 5% ಮೀಸಲಿಡಬೇಕು. ಐಐಟಿಗಳು 2018ರಲ್ಲಿ ಹೆಣ್ಣುಮಕ್ಕಳಿಗಾಗಿ ಹೆಚ್ಚುವರಿ ಸೀಟುಗಳನ್ನು ತೆರೆದಾಗ ಇದ್ದ ಸೀಟುಗಳಲ್ಲಿ ಒಂದನ್ನೂ ಯಾರಿಂದಲೂ ಕಿತ್ತುಕೊಳ್ಳಲಿಲ್ಲ, ಆದರೂ ಗೊಣಗಾಟ ಮಾತ್ರ ಕಡಿಮೆಯಾಗಲಿಲ್ಲ. ಇವೆಲ್ಲ ಬೇಕಾದವುಗಳೇ. ಆದರೆ ಇವು ಮಗುವನ್ನು ಕಾಲೇಜಿನ ಬಾಗಿಲವರೆಗೆ ತಂದು ಬಿಡುತ್ತವೆಯೇ ಹೊರತು ಸ್ಟಾರ್ಟರಿನ ಹಿಡಿಕೆಯನ್ನು ಅದರ ಕೈಗೆ ಕೊಡಬೇಕಾದವರು ಒಳಗಿರುವ ನಾವು. ಸಿಇಟಿ ರ‍್ಯಾಂಕ್ ಎಂಬುದು ಎರಡು ವರ್ಷದ ಪಿಯುಸಿಯನ್ನೂ ಕೋಚಿಂಗಿಗೆ ತೆತ್ತ ಹಣವನ್ನೂ ಅಳೆದಷ್ಟು ಚೆನ್ನಾಗಿ ಇನ್ನಾವುದನ್ನೂ ಅಳೆಯುವುದಿಲ್ಲವೆಂದು ನನ್ನ ಅಭಿಪ್ರಾಯ. ಐದನೆಯ ಸೆಮಿಸ್ಟರಿಗೆ ಬರುವ ಹೊತ್ತಿಗೆ ಯಾರ ರ‍್ಯಾಂಕ್ ಎಷ್ಟಿತ್ತೆಂದು ಉತ್ತರಪತ್ರಿಕೆ ನೋಡಿ ಹೇಳಲು ನನಗೆ ಯಾವತ್ತೂ ಆಗಿಲ್ಲ.

ಈ ವಿಷಯದಲ್ಲಿ ನನಗೆ ಮತ್ತೆ ಮತ್ತೆ ನೆನಪಾಗುವವರು ಎ. ಲಲಿತಾ. 1943ರಲ್ಲಿ ಮದರಾಸಿನ ಗಿಂಡಿ ಕಾಲೇಜಿನಿಂದ ಎಲೆಕ್ಟ್ರಿಕಲ್ ಎಂಜಿನಿಯರಾಗಿ ಹೊರಬಂದ ಅವರ ಪ್ರಮಾಣಪತ್ರದಲ್ಲಿ, ಅಚ್ಚಾಗಿದ್ದ ‘ಹೀ’ ಎಂಬುದನ್ನು ಹೊಡೆದುಹಾಕಿ ‘ಷೀ’ ಎಂದು ತಿದ್ದಿ ಕೊಡಬೇಕಾಯಿತು. ಹೆಣ್ಣೊಬ್ಬಳು ಅದನ್ನು ಪಡೆದಾಳೆಂದು ಅಚ್ಚು ಹಾಕಿಸಿದವರು ಎಣಿಸಿಯೇ ಇರಲಿಲ್ಲ. ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಮಡಿಲಲ್ಲಿ ಮಗುವನ್ನಿಟ್ಟುಕೊಂಡು ಓದಿದವರು. ಅವರ ಕಥೆಯನ್ನು ಹೇಳುವವರು ಒಂದು ಸಂಗತಿಯನ್ನು ಬೇಗ ದಾಟಿಬಿಡುತ್ತಾರೆ: ಅವರ ತಂದೆ ಅದೇ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದರು. ನಮ್ಮ ಮೈಸೂರು ಸೀಮೆಯಿಂದ ಹೊರಟು ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಓದಿ ಬಂದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್ ಮತ್ತು ಆಂಟೆನಾಗಳ ಮೇಲೆ ದುಡಿದ ರಾಜೇಶ್ವರಿ ಚಟರ್ಜಿ ಅವರಿಗೂ, ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರಾದ ಅಜ್ಜಿಯಿದ್ದರು. ಅವರ ಸಾಧನೆಯನ್ನು ಕಿರಿದು ಮಾಡಲು ಇದನ್ನು ಹೇಳುತ್ತಿಲ್ಲ. ಬೆನ್ನಿಗೆ ಅಂಥ ಮನೆಯಿಲ್ಲದ ಮಕ್ಕಳು ಈಗ ನಿನ್ನ ತರಗತಿಯಲ್ಲಿ ಕೂತಿದ್ದಾರೆ. ಕ್ರೆಡಿಟ್ ಎಂದರೇನು, ಬ್ಯಾಕ್‌ಲಾಗ್ ಉಳಿದರೆ ಏನಾಗುತ್ತದೆ, ಅಧ್ಯಾಪಕರ ಕೊಠಡಿಗೆ ಸಂಶಯ ಕೇಳಲು ಹೋಗಬಹುದೇ ಎಂಬುದನ್ನೆಲ್ಲ ಮನೆಯಲ್ಲಿ ಕೇಳಿ ತಿಳಿಯುವ ಅನುಕೂಲ ಅವರಿಗಿಲ್ಲ. ಅದನ್ನು ನೀನು ಬಾಯಿಬಿಟ್ಟು ಹೇಳಬೇಕು, ಒಂದಲ್ಲ ಮೂರು ಸಲ.

ಕೊಪ್ಪಳ ಜಿಲ್ಲೆಯ ಒಬ್ಬ ಹುಡುಗನಿದ್ದ. ಇಂಡಕ್ಷನ್ ಮೋಟರಿನ ವೈವಾದಲ್ಲಿ ‘ಸ್ಲಿಪ್’ ಎಂದರೇನೆಂದು ಇಂಗ್ಲಿಷಿನಲ್ಲಿ ಕೇಳಿದಾಗ ತಲೆತಗ್ಗಿಸಿ ನಿಂತ. ಮುಂದಿನ ಮೂರು ಪ್ರಶ್ನೆಗಳಿಗೂ ಹಾಗೆಯೇ. ಸಂಜೆ ಸೈಕಲ್ ಸ್ಟ್ಯಾಂಡಿನ ಬಳಿ ಸಿಕ್ಕವನನ್ನು ಕನ್ನಡದಲ್ಲಿ ಮಾತಾಡಿಸಿದೆ. ಅವನ ಅಪ್ಪ ಪಂಪ್‌ಸೆಟ್ ಮೋಟರುಗಳ ರಿವೈಂಡಿಂಗ್ ಮಾಡುವವರಂತೆ. ‘ಒಂದು ಫೇಸ್ ಹೋತಂದ್ರ ಮೋಟ್ರು ಗುಂಯ್ ಅಂತೈತ್ರಿ ಸರ, ತಿರುಗಂಗಿಲ್ಲ. ಅದಕ್ಕ ರೈತ್ರು ಕಂಡೆನ್ಸರ್ ಹಾಕಿ ಎರಡು ಫೇಸ್‌ನಾಗ ಓಡಿಸ್ತಾರ. ಆಮ್ಯಾಲೆ ವೈಂಡಿಂಗ್ ಕಾದು ಸುಡ್ತೈತಿ, ನಮ್ಮಪ್ಪಗ ಕೆಲಸ ಸಿಗತೈತಿ’ ಎಂದು ನಕ್ಕ. ಅಸಮತೋಲನದ ವೋಲ್ಟೇಜಿನಲ್ಲಿ ಮೋಟರ್ ಏಕೆ ಬಿಸಿಯಾಗುತ್ತದೆಂಬ ಪಾಠವನ್ನು ನಾನು ಎರಡು ತಾಸು ಬೋರ್ಡಿನ ಮೇಲೆ ಮಾಡುತ್ತಿದ್ದೆ. ಅವನು ಅದನ್ನು ಸುಟ್ಟ ತಾಮ್ರದ ವಾಸನೆಯಿಂದ ತಿಳಿದಿದ್ದ. ಮುಂದಿನ ವಾರ ಅವನನ್ನೇ ಬೋರ್ಡಿನ ಬಳಿ ಕರೆದು ಇದನ್ನು ತರಗತಿಗೆ ಹೇಳಿಸಿದೆ. ಅವನ ಮಾತಿನ ಧಾಟಿಗೆ ಹಿಂದಿನ ಬೆಂಚಿನಲ್ಲಿ ನಗು ಕೇಳಿಸಿತು. ಅಂಥ ನಗುವನ್ನು ಕೇಳದವಳಂತೆ ನೀನು ಪಾಠ ಮುಂದುವರಿಸಬಾರದು, ಅಲ್ಲೇ ನಿಲ್ಲಿಸಬೇಕು.

ಪರೀಕ್ಷೆ ಇಂಗ್ಲಿಷಿನಲ್ಲೇ ಇರುವವರೆಗೆ ಇಂಗ್ಲಿಷಿನಲ್ಲಿ ಬರೆಯುವುದನ್ನು ಅಂಥವರಿಗೆ ನೀನು ಕಲಿಸಲೇಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ಆದರೆ ತಿಳಿವಳಿಕೆಯನ್ನು ಅಳೆಯುವಾಗ ಭಾಷೆಯನ್ನು ಅಳೆದುಬಿಡಬೇಡ. ಕಠಿಣವಾದುದನ್ನು ಮೊದಲು ಕನ್ನಡದಲ್ಲಿ ಬಿಡಿಸಿ ಹೇಳಿ, ಆಮೇಲೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಯಿಸು. ಹಾಗೆಂದು ಪೂರ್ತಿ ಕನ್ನಡಕ್ಕೆ ಜಾರಿದರೆ, ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆಯಾದ ಕಾಮೆಡ್-ಕೆ ಮೂಲಕ ಬಿಹಾರದಿಂದಲೋ ಕೇರಳದಿಂದಲೋ ಬಂದು ನಿನ್ನೆದುರು ಕೂತವನು ಹೊರಗುಳಿಯುತ್ತಾನೆ. ಅವನೂ ನಿನ್ನ ವಿದ್ಯಾರ್ಥಿಯೇ. ಎರಡನ್ನೂ ಸರಿತೂಗಿಸುವುದು ಕಷ್ಟವೆಂದು ನನಗೆ ಗೊತ್ತು, ನನಗೂ ಪೂರ್ತಿ ಬರಲಿಲ್ಲ.

ಮೊದಲ ದಿನ ಪರಿಚಯ ಮಾಡಿಕೊಳ್ಳುವಾಗ ‘ರ‍್ಯಾಂಕ್ ಎಷ್ಟು?’ ಎಂದು ಕೇಳುವ ಅಭ್ಯಾಸ ನಮ್ಮಲ್ಲಿ ಬಹಳ. ನೀನು ಕೇಳಬೇಡ. ರ‍್ಯಾಂಕ್ ಹೇಳಿದರೆ ಜಾತಿಯನ್ನು ಲೆಕ್ಕಹಾಕುವ ಜಾಣರು ಪಕ್ಕದ ಬೆಂಚಿನಲ್ಲೇ ಇರುತ್ತಾರೆ. ಆಫೀಸಿನಿಂದ ಸ್ಕಾಲರ್‌ಶಿಪ್ಪಿನ ಸುತ್ತೋಲೆ ಬಂದಾಗ ‘ಎಸ್‌ಸಿ, ಎಸ್‌ಟಿ ಯಾರಿದ್ದೀರಿ, ಎದ್ದು ನಿಲ್ಲಿ’ ಎಂದು ಅಟೆಂಡರು ಬಾಗಿಲಲ್ಲೇ ಕೂಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅರ್ಜಿಯ ಕೊನೆಯ ದಿನಾಂಕವನ್ನು ಇಡೀ ತರಗತಿಗೆ ಓದಿ ಹೇಳಿ, ಅನುಮಾನವಿದ್ದವರು ನಿನ್ನ ಕೊಠಡಿಗೆ ಬರಲಿ ಎಂದರೆ ಸಾಕು. ತಾಂತ್ರಿಕ ಶಿಕ್ಷಣ ಮಂಡಳಿಯಾದ ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನ ಹೆಣ್ಣುಮಕ್ಕಳಿಗೆ, ಸಕ್ಷಮ್ ವಿಕಲಚೇತನರಿಗೆ, ಎರಡೂ ವರ್ಷಕ್ಕೆ 50,000 ರೂಪಾಯಿ. ನಮ್ಮ ಹುಡುಗಿಯರು ಇವನ್ನು ಕಳೆದುಕೊಂಡದ್ದು ಹೆಚ್ಚಾಗಿ ಅನರ್ಹತೆಯಿಂದಲ್ಲ, ಆದಾಯ ಪ್ರಮಾಣಪತ್ರ ಹೊತ್ತಿಗೆ ಸರಿಯಾಗಿ ಕೈಗೆ ಬಾರದೆ.

ಇನ್ನೊಂದನ್ನು ಹೇಳಲೇಬೇಕು, ನೀನು ಮೊದಲ ವರ್ಷದ ಎಲೆಕ್ಟ್ರಾನಿಕ್ಸ್ ಲ್ಯಾಬನ್ನೂ ನೋಡಿಕೊಳ್ಳುತ್ತಿದ್ದೀಯಲ್ಲ. ರೆಸಿಸ್ಟರಿನ ಬಣ್ಣದ ಪಟ್ಟಿಗಳನ್ನು ಓದುವಾಗ ಪ್ರತಿ ಸಲವೂ ತಪ್ಪುವ ಹುಡುಗನೊಬ್ಬನಿದ್ದ. ಗಮನವಿಲ್ಲ, ಮೊಬೈಲಿನ ಹುಚ್ಚು ಎಂದು ನಾನು ಬೈಯುತ್ತಿದ್ದೆ. ಕೊನೆಗೆ ಕಂದು ಮತ್ತು ಹಸಿರು ಅವನಿಗೆ ಒಂದೇ ಬಗೆಯಾಗಿ ಕಾಣುತ್ತವೆಂದು ನಮ್ಮ ಲ್ಯಾಬ್ ಇನ್‌ಸ್ಟ್ರಕ್ಟರರೇ ಕಂಡುಹಿಡಿದರು. ಹುಡುಗನಿಗೇ ಅದು ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅವನ ಕೈಗೆ ಮಲ್ಟಿಮೀಟರ್ ಕೊಟ್ಟೆವು, ಸಮಸ್ಯೆ ಮುಗಿಯಿತು. ಆಮೇಲೆ ನನಗೆ ಭಯವಾದದ್ದು ಮೆಷಿನ್ಸ್ ಲ್ಯಾಬಿನ ಬಗ್ಗೆ: ಅಲ್ಲಿ ಕೆಂಪು ವೈರು ಫೇಸ್, ಹಸಿರು ವೈರು ಅರ್ತ್. ಆ ಬೇಸಿಗೆಯಲ್ಲೇ ಎಲ್ಲ ವೈರುಗಳ ತುದಿಗೂ ನಂಬರು ಬರೆದ ಫೆರೂಲ್ ಎಂಬ ಸಣ್ಣ ಕೊಳವೆ ಹಾಕಿಸಿದೆವು. ಖರ್ಚು ಹೆಚ್ಚೇನೂ ಆಗಲಿಲ್ಲ, ಮತ್ತು ಕಣ್ಣು ಸರಿಯಿದ್ದವರ ತಪ್ಪು ಕನೆಕ್ಷನ್ನುಗಳೂ ಕಡಿಮೆಯಾದವು. ಕಾಲಿಗೆ ಪೋಲಿಯೊ ಆಗಿದ್ದ ಒಬ್ಬನಿಗೋಸ್ಕರ ಮಾತ್ರ ಎರಡನೆಯ ಮಹಡಿಯ ಲ್ಯಾಬನ್ನು ಕೆಳಗಿಳಿಸಲು ನಮಗೆ ಮೂರು ವರ್ಷ ಹಿಡಿಯಿತು. ಅನುಮತಿಯ ಸಹಿ ಬೀಳುವ ಹೊತ್ತಿಗೆ ಅವನು ಪಾಸಾಗಿ ಹೋಗಿದ್ದ.

ಹಾಸ್ಟೆಲಿನ ಗೇಟಿನ ವಿಷಯದಲ್ಲಿ ನಿನಗೆ ನನಗಿಂತ ಹೆಚ್ಚು ಗೊತ್ತು. ಹುಡುಗಿಯರಿಗೆ ಆರೂವರೆಗೆ ಗೇಟ್ ಹಾಕಿ, ಪ್ರಾಜೆಕ್ಟ್ ತಂಡಗಳು ರಾತ್ರಿ ಒಂಬತ್ತರವರೆಗೆ ಲ್ಯಾಬಿನಲ್ಲಿ ಕೂತರೆ, ತಂಡದ ಮುಂದಾಳು ಯಾರಾಗುತ್ತಾರೆಂದು ಊಹಿಸಲು ಬುದ್ಧಿವಂತಿಕೆ ಬೇಕಿಲ್ಲ. ಗೇಟಿನ ಸಮಯವನ್ನು ಬದಲಿಸುವುದು ಈಗ ನಿನ್ನ ಕೈಲಿಲ್ಲ. ಪ್ರಾಜೆಕ್ಟಿನ ಲ್ಯಾಬ್ ಅವಧಿಯನ್ನು ಮಧ್ಯಾಹ್ನ ಎರಡರಿಂದ ಐದಕ್ಕೆ ತರುವುದು ನಿನ್ನ ಕೈಲಿದೆ, ಟೈಮ್‌ಟೇಬಲ್ ಸಮಿತಿಯವರನ್ನು ಸೆಮಿಸ್ಟರ್ ಶುರುವಾಗುವ ಮೊದಲೇ ಹಿಡಿ.

ದಸರಾ ರಜೆಗೆ ಬರುವಾಗ ಕಡತವನ್ನು ಅಲ್ಲೇ ಬಿಟ್ಟು, ನಿನ್ನ ಎರಡೂ ಲ್ಯಾಬುಗಳ ಬ್ಯಾಚ್ ಪಟ್ಟಿಯನ್ನು ತೆಗೆದುಕೊಂಡು ಬಾ. ಯಾರ ಜೊತೆಗೆ ಯಾರು, ಯಾವ ವಾರ ಯಾರ ಕೈಗೆ ಏನು ಎಂದು ಇಬ್ಬರೂ ಕೂತು ಗೆರೆ ಹಾಕೋಣ. ಡಿಪ್ಲೊಮಾ ಮುಗಿಸಿ ನೇರ ಎರಡನೆಯ ವರ್ಷಕ್ಕೆ ಬಂದ ಮಕ್ಕಳ ಹೆಸರಿನ ಮುಂದೆ ಒಂದು ಗುರುತು ಹಾಕಿಕೊಂಡಿರು. ಅವರು ಕೈಕೆಲಸದಲ್ಲಿ ಮುಂದು, ಗಣಿತದಲ್ಲಿ ಹಿಂದು, ಅವರನ್ನು ಯಾರ ಪಕ್ಕ ಕೂರಿಸಬೇಕೆಂಬ ಬಗ್ಗೆ ನನ್ನದೊಂದು ಲೆಕ್ಕವಿದೆ. ನಿನ್ನ ದೊಡ್ಡಮ್ಮ ಮೆಂತ್ಯದ ಹಿಟ್ಟು ಮಾಡಿಟ್ಟಿದ್ದಾಳೆ, ಖಾಲಿ ಡಬ್ಬಿ ಮರೆಯದೆ ತರಬೇಕಂತೆ.

ಇಂತಿ ನಿನ್ನ,
ದೊಡ್ಡಪ್ಪ