ಆ ಮರವನ್ನು ಮಷೀನಿಗೆ ಕೊಡಬೇಡಿ

ಮಾನ್ಯ ಸಂಪಾದಕರೇ,

ಹಳೆಯ ಪೀಠೋಪಕರಣಕ್ಕೆ ಹೊಳಪು ತರುವ ಬಗ್ಗೆ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ‘ಸ್ಯಾಂಡಿಂಗ್ ಮಷೀನ್‌ನಿಂದ ಚೆನ್ನಾಗಿ ಉಜ್ಜಿ, ಮೇಲೆ ಪಾಲಿಯುರೆಥೇನ್ ಬಳಿಯಿರಿ’ ಎಂಬ ಸಲಹೆ ಅದರಲ್ಲಿದೆ. ಹೊಸ ತೇಗದ ಮೇಜಿಗಾದರೆ ಸರಿ. ಆದರೆ ಪಕ್ಕದ ಫೋಟೊದಲ್ಲಿ ಇದ್ದದ್ದು ವಾಲ್‌ನಟ್, ಅಂದರೆ ಆಕ್ರೋಟು ಮರದ ಕಮೋಡ್. (ನಗಬೇಡಿ, ಯುರೋಪಿನಲ್ಲಿ ಡ್ರಾಗಳಿರುವ ಗಿಡ್ಡ ಬೀರುವಿಗೂ ಅದೇ ಹೆಸರು.)

ಫೋಟೊದ ಕೆಳಗೆ ‘ರೊಕೊಕೊ ಶೈಲಿ’ (ಹದಿನೆಂಟನೇ ಶತಮಾನದ ಯುರೋಪಿನ ಬಳುಕು ಬಳುಕಾದ ಅಲಂಕಾರದ ಶೈಲಿ) ಎಂದು ಬರೆದಿದ್ದೀರಿ. ಕಾಲು ನೋಡಿದರೆ ಸಾಕು, ಅಲ್ಲ ಅಂತ ಗೊತ್ತಾಗುತ್ತದೆ. ರೊಕೊಕೊದ ಕಾಲು ಬಳುಕುತ್ತದೆ. ಇದರ ಕಾಲು ನೆಟ್ಟಗಿದೆ, ಕೆಳಗೆ ಬರುತ್ತಾ ಸಣ್ಣಗಾಗಿದೆ, ಮೈಮೇಲೆ ಹಳೆ ರೋಮಿನ ಕಂಬದ ಹಾಗೆ ಉದ್ದುದ್ದ ಕೊರೆದ ಗೆರೆಗಳಿವೆ. ಜ್ವಾಲಾಮುಖಿಯಲ್ಲಿ ಹೂತುಹೋಗಿದ್ದ ರೋಮನ್ ಊರುಗಳನ್ನು, 1738ರಲ್ಲಿ ಹರ್ಕ್ಯುಲೇನಿಯಂ, 1748ರಲ್ಲಿ ಪಾಂಪೆ, ಅಗೆಯಲು ಶುರುಮಾಡಿದ ಮೇಲೆ ಯುರೋಪಿಗೆ ಹಳೆ ರೋಮಿನ ಹುಚ್ಚು ಹಿಡಿಯಿತು. ನಿಯೋಕ್ಲಾಸಿಕಲ್ ಶೈಲಿ ಬೆಳೆದದ್ದು ಆ ಹುಚ್ಚಿನಲ್ಲೇ. ನಿಮ್ಮ ಫೋಟೊದ ಕಮೋಡ್ ಆ ಶೈಲಿಯದು.

ಮೂವತ್ತು ವರ್ಷ ಇಂಥವನ್ನೇ ರಿಪೇರಿ ಮಾಡಿದವನು ನಾನು. ಉತ್ತರ ಇಟಲಿಯ ಒಂದು ಕಮೋಡ್ ನನ್ನ ಕೈಗೆ ಬಂದಾಗ ಯಾರೋ ಅದಕ್ಕೆ ಆಗಲೇ ಮಷೀನ್ ಹಾಕಿಯಾಗಿತ್ತು. ನಡುವಿನ ಡ್ರಾದ ಮುಖದಲ್ಲಿ ಅಂಗೈಯಗಲ ಬಿಳಿಚಿಕೊಂಡಿತ್ತು. ಏನೆಂದರೆ, ಇವು ಹೆಚ್ಚಾಗಿ ಪೂರ್ತಿ ವಾಲ್‌ನಟ್ ಆಗಿರುವುದಿಲ್ಲ. ಒಳಗೆ ಪಾಪ್ಲರ್‌ನಂಥ ಅಗ್ಗದ ಬಿಳಿಚು ಮರ, ಮೇಲೆ ವಾಲ್‌ನಟ್ ವೆನಿಯರ್, ಅಂದರೆ ಅಂಟಿಸಿದ ತೆಳು ಹಾಳೆ. ಮಷೀನ್ ಆ ಹಾಳೆ ಸವೆಸಿ ಒಳಮರ ತೋರಿಸಿತ್ತು. ಕೈಗರಗಸದಿಂದ ಸೀಳಿದ ಆ ಹಾಳೆ ಸುಮಾರು ಎರಡು ಮಿಲಿಮೀಟರ್ ದಪ್ಪ. ಇನ್ನೂರು ವರ್ಷದಲ್ಲಿ ಎಷ್ಟು ಜನ ಕೆರೆದಿರುತ್ತಾರೋ, ಉಳಿದಿರುವುದು ಇನ್ನೂ ತೆಳು. ಅಕ್ಕಪಕ್ಕದ ಎರಡು ಹಾಳೆಗಳನ್ನು ಪುಸ್ತಕ ಬಿಡಿಸಿದ ಹಾಗೆ ಜೋಡಿಸಿದ್ದರು. ಹಾಗಾಗಿ ಎಡಗಡೆಯ ಸುಳಿಯೇ ಬಲಗಡೆ ಕನ್ನಡಿಯಲ್ಲಿ ಕಂಡಂತೆ ಇತ್ತು. ಅದರಲ್ಲಿ ಒಂದು ಸುಳಿ ಅರ್ಧಕ್ಕೇ ಮಾಯ. ನಾನು ತೇಪೆ ಹಾಕಿಕೊಟ್ಟೆ. ದೂರದಿಂದ ಕಾಣಲ್ಲ, ಹತ್ತಿರ ಹೋದರೆ ಕಾಣುತ್ತದೆ. ಅದೇ ಮರದ ಅದೇ ಸುಳಿ ಇನ್ನೆಲ್ಲಿಂದ ತರಲಿ?

ಬಣ್ಣದ ಮಾತೂ ಇದೆ. ಬೆಳಕು ಬಿದ್ದು ಬಿದ್ದು ವಾಲ್‌ನಟ್ ತಿಳಿಯಾಗಿ ಜೇನಿನ ಬಣ್ಣಕ್ಕೆ ಬರುತ್ತದೆ. ಅದು ಮೇಲ್ಪದರದಲ್ಲಿ ಮಾತ್ರ. ಉಜ್ಜಿದರೆ ಕೆಳಗಿನ ಕಪ್ಪು ಕಂದು ಮತ್ತೆ ಎದ್ದು ಬರುತ್ತದೆ, ನಿನ್ನೆ ಮಾಡಿದ ಹಾಗೆ!

ಮೊದಲು ಒಣ ಬಟ್ಟೆಯಿಂದ ಧೂಳು ಒರೆಸಿ. ಆಮೇಲೆ ಕಾಣದ ಮೂಲೆಯಲ್ಲಿ ಸ್ಪಿರಿಟ್ ಅದ್ದಿದ ಹತ್ತಿ ತಾಗಿಸಿ. ಅಂಟಂಟಾದರೆ ಅದು ಅರಗಿನ ಪಾಲಿಶ್ ಇರಬಹುದು. ಅದನ್ನು ಕೆರೆಯದೆಯೇ ಸರಿಮಾಡಬಹುದು. ವೆನಿಯರ್ ಎದ್ದಿದ್ದರೂ ಹೆದರಬೇಡಿ. ಅದನ್ನು ಅಂಟಿಸಿದ್ದ ಹಳೆಯ ಅಂಟು, ಪ್ರಾಣಿಯ ಚರ್ಮದಿಂದ ಮಾಡಿದ್ದು, ಬಿಸಿ, ತೇವಕ್ಕೆ ಮತ್ತೆ ಮೆದುವಾಗುತ್ತದೆ. ಆದರೆ ಅದು ತಿಳಿದವರ ಕೆಲಸ, ಇಸ್ತ್ರಿಪೆಟ್ಟಿಗೆ ಹಿಡಿದು ನೀವೇ ಕೂರಬೇಡಿ.

ದಯವಿಟ್ಟು ಬರುವ ಭಾನುವಾರವೇ ತಿದ್ದುಪಡಿ ಹಾಕಿ. ಆ ಲೇಖನ ಓದಿ ಯಾರಾದರೂ ಆಗಲೇ ಮಷೀನ್ ಬಾಡಿಗೆಗೆ ತಂದಿರಬಹುದು.

— ಒಬ್ಬ ಹಳೆಯ ಮರಗೆಲಸದವ