ಕೆರೆಯ ದಂಡೆಯಲ್ಲಿ ನೆರವಾದ ತಮಗೆ

ನಿವೃತ್ತಿಯ ನಂತರ, ಬೆಳಿಗ್ಗೆ ಹೊರಟು ಸಂಜೆಯೊಳಗೆ ಮರಳಬಹುದಾದ ಹತ್ತಿರದ ಜಾಗಗಳಿಗೆ ಹೋಗಿಬರುವುದು ನಮ್ಮಿಬ್ಬರ ರೂಢಿ. ಕಳೆದ ವಾರ ಕೆರೆಯ ದಂಡೆಯ ಮೇಲೆ ನಡೆಯುತ್ತಿದ್ದಾಗ ನನ್ನ ಪತ್ನಿ ಬಿಸಿಲಿಗೆ ತಲೆ ಸುತ್ತಿ ಬಂದು ಕುಸಿದರು. ನನಗೆ ದಿಕ್ಕೇ ತೋಚದಿದ್ದ ಆ ಗಳಿಗೆಯಲ್ಲಿ, ಅಲ್ಲಿ ಕಸ ಗುಡಿಸುತ್ತಿದ್ದ ತಾವು ಪೊರಕೆಯನ್ನು ಬದಿಗಿಟ್ಟು ಓಡಿಬಂದು, ಅವರನ್ನು ನೆರಳಿನಲ್ಲಿ ಮಲಗಿಸಿ, ಕಾಲುಗಳು ತುಸು ಎತ್ತರದಲ್ಲಿರುವಂತೆ ನಮ್ಮ ಚೀಲವನ್ನೇ ಅಡಿಗಿರಿಸಿ, ಒದ್ದೆ ಬಟ್ಟೆಯಿಂದ ಕುತ್ತಿಗೆ ಒರೆಸಿದಿರಿ. ಅವರಿಗೆ ಪೂರ್ತಿ ಎಚ್ಚರವಾದ ಮೇಲಷ್ಟೇ ಗುಟುಕು ಗುಟುಕಾಗಿ ನೀರು ಕುಡಿಸಿದಿರಿ. ಹೊರಡುವಾಗ ಮಂಡಿಯೂರಿ ಕುಳಿತು ಅವರ ಚಪ್ಪಲಿಯ ಪಟ್ಟಿ ಬಿಗಿದದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ವೈದ್ಯರು ಪರೀಕ್ಷಿಸಿ ಅಪಾಯವೇನಿಲ್ಲ ಎಂದಾಗಲೇ ನನಗೆ ಹೋದ ಜೀವ ಬಂದಂತಾಯಿತು. ಹೆಸರು ಕೇಳುವಷ್ಟರಲ್ಲಿ ತಾವು ಕೆಲಸಕ್ಕೆ ಮರಳಿದ್ದಿರಿ. ನಮ್ಮಿಬ್ಬರ ಹೃತ್ಪೂರ್ವಕ ಧನ್ಯವಾದಗಳನ್ನು ದಯವಿಟ್ಟು ಸ್ವೀಕರಿಸಿ.