ಹಿತ್ತಲಿನ ಅಕ್ಕಿ ಚೀಲ ಜಗ್ಗಬೇಡಿ

ಮಾನ್ಯ ಸಂಪಾದಕರೇ,

ರಾಯಚೂರು, ಸಿಂಧನೂರು ಕಡೆ ಖಾಲಿ ಅಕ್ಕಿ ಚೀಲಕ್ಕೆ ಮಣ್ಣು ತುಂಬಿ ಬದನೆ, ಮೆಣಸಿನ ಗಿಡ ಹಚ್ಚುವವರು ಬಹಳ. ಕುಂಡಕ್ಕೆ ದುಡ್ಡು ಬೇಕು, ಚೀಲ ಪುಕ್ಕಟೆ. ಆದರೆ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಪಟ್ಟಿಯಿಂದ ನೇಯ್ದ ಆ ಚೀಲ ಅಕ್ಕಿ ಸಾಗಿಸಲು ಮಾಡಿದ್ದೇ ಹೊರತು ವರ್ಷಗಟ್ಟಲೆ ಬಿಸಿಲಲ್ಲಿ ನಿಲ್ಲಲು ಅಲ್ಲ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ನೇರಳಾತೀತ ಕಿರಣಕ್ಕೆ ಸಿಕ್ಕ ಮಗ್ಗುಲು ಬೆರಳು ತಾಗಿದರೆ ಹಪ್ಪಳದಂತೆ ಉದುರುತ್ತದೆ. ಗೋಡೆ ಕಡೆಯ ನೆರಳಿನ ಮಗ್ಗುಲು, ಮಣ್ಣಲ್ಲಿ ಹೂತ ತಳ ಇನ್ನೂ ಗಟ್ಟಿಯೇ.

ಕೆಲಸ ಕೆಡುವುದು ಇಲ್ಲೇ. ಬಾಯಿ ಹಿಡಿದು ಜಗ್ಗಿದರೆ ಒಂದು ಚೀಲ ಸಾವಿರ ಚೂರಾಗುತ್ತದೆ. ಮೇಲೆ ಕಸಬರಿಗೆ ಆಡಿಸಿದರೆ ಚೂರು ಪುಡಿಯಾಗಿ ಗಾಳಿಗೆ ಹಾರುತ್ತದೆ. ಗಾಳಿ ಏಳುವ ಮುಂಚೆ, ಬೆಳಿಗ್ಗೆ, ಸುತ್ತ ಹಳೆಯ ಹತ್ತಿ ಸೀರೆ ಹಾಸಿ (ಪಾಲಿಯೆಸ್ಟರ್ ಬೇಡ, ಅದೂ ಪ್ಲಾಸ್ಟಿಕ್ಕೇ) ಚೀಲಕ್ಕೆ ನೀರು ಚಿಮುಕಿಸಿ. ಗಟ್ಟಿ ಮಗ್ಗುಲಲ್ಲಿ ಕತ್ತರಿ ಹಾಕಿ ಮೇಲಿಂದ ತಳದವರೆಗೆ ಸೀಳಿ, ಉದುರುವ ಭಾಗ ಒಳಗೆ ಬರುವಂತೆ ಚಾಪೆಯ ಹಾಗೆ ಸುತ್ತಿ ತೆಗೆಯಿರಿ.

ಈಗಾಗಲೇ ಉದುರಿದ್ದಕ್ಕೆ ಮೇಲಿನ 5 ಸೆಂ.ಮೀ. ಮಣ್ಣು ಕೆರೆದು ತೆಗೆದರೆ ಸಾಕು. ಮಸಾರಿ, ಅಂದರೆ ಕೆಂಪು ಮಣ್ಣಾದರೆ ಒಣಗಿಸಿ, ಮೊದಲು 6 ಮಿ.ಮೀ., ಆಮೇಲೆ 3 ಮಿ.ಮೀ. ಕಣ್ಣಿನ ಜರಡಿ ಹಿಡಿಯಿರಿ. ಎರೆ ಮಣ್ಣು ಜರಡಿಗೆ ಬಗ್ಗದು. ಹೆಂಟೆ ಪೂರ್ತಿ ಒಣಗಲಿ. 10 ಲೀಟರ್ ನೀರಿಗೆ 2 ಕಿಲೋದಂತೆ ಬಕೆಟ್ಟಿಗೆ ಹಾಕಿದರೆ ಬುಳುಬುಳು ಗುಳ್ಳೆ ಬಿಟ್ಟು ತಾನೇ ಕರಗುತ್ತದೆ. ಹಸಿ ಹೆಂಟೆ ಹಾಕಿದರೆ ಹಿಟ್ಟಿನ ಮುದ್ದೆಯಂತೆ ಕೂತುಬಿಡುತ್ತದೆ, ಎಷ್ಟು ಕಲಕಿದರೂ ಅಷ್ಟೇ. ಕಲಕಿ ಹತ್ತು ನಿಮಿಷ ಬಿಡಿ. ಪಾಲಿಪ್ರೊಪಿಲೀನ್, ಪಾಲಿಥೀನ್ ಎರಡೂ ನೀರಿಗಿಂತ ಹಗುರ. ಎಲೆ, ಬೇರಿನ ಜೊತೆ ತೇಲುತ್ತವೆ. ಚಹಾ ಸೋಸುವ ಜಾಲರಿಯಲ್ಲಿ ಎತ್ತಿ, ಉಳಿದ ನೀರನ್ನು ಹತ್ತಿ ಬಟ್ಟೆಯಲ್ಲಿ ಸೋಸಿ ಗಿಡಕ್ಕೇ ಹಾಕಿ, ಚರಂಡಿಗೆ ಬೇಡ. ಪಿವಿಸಿ ಪೈಪಿನ ಚೂರು ಮುಳುಗುತ್ತದೆ, ಅದನ್ನು ಕೈಯಲ್ಲೇ ಆರಿಸಬೇಕು. ಬಟ್ಟೆಯನ್ನೂ ದಾಟುವ ಪುಡಿ ಇದ್ದೇ ಇರುತ್ತದೆ. ಅದಕ್ಕೆ ಹೆದರಿ ಹಿತ್ತಲ ಮಣ್ಣನ್ನೆಲ್ಲ ಹೊರಗೆ ಸುರಿಯುವುದು ದಂಡ.

ಇಷ್ಟೂ ಮೊದಲ ಮಳೆಗೆ ಮುಂಚೆ ಆಗಬೇಕು. ಬೇಸಿಗೆಯಲ್ಲಿ ಎರೆ ಬಿರಿದಾಗ ಚೂರು ಬಿರುಕಿಗೆ ಇಳಿಯುತ್ತದೆ, ಮಳೆಗೆ ಬಿರುಕು ಮುಚ್ಚಿದರೆ ಅಲ್ಲೇ ಹೂತುಹೋಗುತ್ತದೆ.

ಕೂಡಿಸಿದ್ದನ್ನು ತಿಪ್ಪೆಗೆ ಹಾಕಬೇಡಿ, ಸುಡಲೂಬೇಡಿ. ಬಯಲಲ್ಲಿ ಪ್ಲಾಸ್ಟಿಕ್ ಸುಡದಂತೆ ನೋಡಿಕೊಳ್ಳುವ ಹೊಣೆಯನ್ನು 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣೆ ನಿಯಮಗಳು ಸ್ಥಳೀಯ ಸಂಸ್ಥೆಗಳಿಗೇ ವಹಿಸಿವೆ. ಹಾಗಿದ್ದ ಮೇಲೆ ಚೀಲಕ್ಕೆ ತುಂಬಿ ಬಾಯಿ ಕಟ್ಟಿ ಕೊಟ್ಟ ಇಂಥ ಚೂರನ್ನು, ಮಣ್ಣು ಮೆತ್ತಿದ್ದರೂ, ಒಣಕಸದ ಗಾಡಿಯವರು ಒಯ್ಯುವಂತೆ ನಗರಸಭೆ, ಪುರಸಭೆಗಳು ಮೇ ತಿಂಗಳಲ್ಲೇ ಸೂಚನೆ ಕೊಡಲಿ.

– ಕೈತೋಟದ ಓದುಗರು, ರಾಯಚೂರು